ನನ್ನ ಬ್ಯಾಗಿನಲ್ಲಿದ್ದ ಸಕ್ಕರೆ

ಸಕ್ಕರೆ ನನ್ನ ಬ್ಯಾಗಿನಲ್ಲೇ ಇತ್ತು. ಖಾಲಿ ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ, ಮೂರು ಚಮಚ ಸಕ್ಕರೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಕೊಂಡಿದ್ದೆ. ನನ್ನ ತಂಗಿ ಪುಷ್ಪ ನನ್ನಿಂದ ನಾಲ್ಕು ಮೊಳ ದೂರದಲ್ಲಿ ಬೆವರುತ್ತಾ, ನಡುಗುತ್ತಾ ನಿಂತಿದ್ದಳು. ಆ ಸಕ್ಕರೆಯನ್ನು ಅವಳ ಬಾಯಿಗೆ ಹಾಕುವುದಷ್ಟೇ ನನ್ನ ಕೆಲಸ. ನಾನು ಹಾಕಲಿಲ್ಲ. ಚಪ್ಪಾಳೆ ತಟ್ಟಿದೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಗಣಿ ಊರಾದ ಕೋರಮಂಡಲ್‌ನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಬರೆದು ಅಭ್ಯಾಸವಿಲ್ಲ. ಆದರೂ ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು, ಅದರ ಜೊತೆಗೆ ದೇವರ ಕಣ್ಣಿಗೂ ಜನರ ಕಣ್ಣಿಗೂ ಒಳ್ಳೆಯವರಾಗಿ ಕಾಣಬೇಕೆಂದು ಒದ್ದಾಡುವವರು ನಮ್ಮ ಹಾಗೆ ಇನ್ನೂ ಇರಬಹುದು. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮಪ್ಪ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರು. ಕೊನೆಗೆ ಕೆಮ್ಮಿನಲ್ಲೇ ಹೋದರು. ಆಗ ಗಣಿ ಮನೆಗಳ ಪಕ್ಕದ ಲೈನಿನ ಹೆಂಗಸರು ಅಮ್ಮನನ್ನು ತಮ್ಮ ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಅಮ್ಮನಿಗೆ ಅಳಲು ಜಾಗ ಸಿಕ್ಕಿತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅಮ್ಮನ ಹಿಂದೆ ನಾವಿಬ್ಬರೂ ಹೋದೆವು. ಕಿವಿಯ ಓಲೆ ತೆಗೆದೆವು, ತಲೆಗೆ ಹೂವು ಮುಡಿಯುವುದನ್ನು ಬಿಟ್ಟೆವು, ಭಾನುವಾರಕ್ಕೆ ಬಿಳಿ ಸೀರೆ ಮಾಡಿಕೊಂಡೆವು.

ಆ ಪ್ರಾರ್ಥನಾ ಮನೆಯಲ್ಲಿ ಎರಡು ಚಾಪೆ. ಪವಿತ್ರಾತ್ಮ ಇಳಿದು, ಬಾಯಲ್ಲಿ ಯಾರಿಗೂ ತಿಳಿಯದ ಭಾಷೆ ಬರುವುದಕ್ಕೆ ನಮ್ಮಲ್ಲಿ ಅಭಿಷೇಕ ಎನ್ನುತ್ತಾರೆ. ಅದು ಆದವರು ಮುಂದಿನ ಚಾಪೆಯಲ್ಲಿ ಕೂರುತ್ತಿದ್ದರು. ಆಗದವರು ಹಿಂದೆ, ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದ ಚಾಪೆಯಲ್ಲಿ. ಹೀಗೇ ಕೂರಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಯಾರೂ ತಪ್ಪಿ ಕೂರುತ್ತಿರಲಿಲ್ಲ. ಅಮ್ಮ ಮೂರೇ ತಿಂಗಳಲ್ಲಿ ಮುಂದಿನ ಚಾಪೆಗೆ ಹೋದರು. ನನಗೆ ಎರಡು ವರ್ಷ ಹಿಡಿಯಿತು. ನನ್ನದು ನಿಜವಾಗಿ ಬಂದದ್ದೋ, ಪಕ್ಕದವಳ ಶಬ್ದವನ್ನೇ ಸ್ವಲ್ಪ ತಿರುಗಿಸಿ ನಾನು ಹೇಳಿದ್ದೋ, ಅದನ್ನು ನನ್ನನ್ನೇ ಕೇಳಿಕೊಳ್ಳುವ ಧೈರ್ಯ ಬಹಳ ದಿನ ಇರಲಿಲ್ಲ. ಹಿಂದೆ ಕೂತು ಸಾಕಾಗಿತ್ತು, ಅಷ್ಟು ಮಾತ್ರ ಗೊತ್ತು.

ಪುಷ್ಪ ಹಾಗೆ ಮಾಡಲಿಲ್ಲ. "ಬರ್ದೇ ಇರೋದನ್ನ ಬಂತು ಅಂತ ಎಂಗಕ್ಕಾ ಅನ್ನೋದು?" ಎಂದಳು. ಒಂಬತ್ತು ವರ್ಷ ಚಪ್ಪಲಿಗಳ ಪಕ್ಕ ಕೂತಳು.

ಅವಳು ಬಂಗಾರಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಟ್ರೇನಿನಲ್ಲಿ ಹೋಗಿ ಬರುವುದು. ಇಪ್ಪತ್ತಾರನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸೊರಗತೊಡಗಿದಳು. ಅವಳ ರವಿಕೆಗಳಿಗೆ ಹೊಲಿಗೆ ಹಾಕಿ ಬಿಗಿ ಮಾಡಿ ಮಾಡಿ ನನಗೆ ಸಾಕಾಯಿತು. ಕೋರಮಂಡಲ್‌ನಲ್ಲಿ ಟ್ರೇನ್ ಹತ್ತಿ ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ದೊಡ್ಡ ಬಾಟಲಿ ನೀರು ಖಾಲಿ ಮಾಡುತ್ತಿದ್ದಳು. ಬಚ್ಚಲಿನಲ್ಲಿ ಇರುವೆ ಸಾಲು ಕಟ್ಟಿತು. ಅಮ್ಮ ಇರುವೆಗೆ ಬೂದಿ ಹಾಕಿ, ಮಗಳಿಗಾಗಿ ಉಪವಾಸ ಹಿಡಿದರು. ಒಂದು ದಿನ ಅಂಗಡಿಯವರೇ ಅವಳನ್ನು ಆಸ್ಪತ್ರೆಗೆ ಸೇರಿಸಿ ನಮಗೆ ಫೋನ್ ಮಾಡಿದರು.

"ಇದು ಮಾತ್ರೆಗೆ ಬಗ್ಗೋ ಸಕ್ಕರೆ ಕಾಯಿಲೆ ಅಲ್ಲಮ್ಮ. ಇನ್ಸುಲಿನ್ ಸೂಜಿ ಬೇಕು. ದಿನಾ. ಜೀವನಪೂರ್ತಿ," ಎಂದರು ಡಾಕ್ಟರು.

ಅಮ್ಮ ತಲೆಯಾಡಿಸಿ, "ಆಗ್ಲಿ ಸಾರ್. ಎಷ್ಟು ದಿನ?" ಎಂದು ಕೇಳಿದರು.

ಡಾಕ್ಟರು ಸಿಟ್ಟಾಗಲಿಲ್ಲ. ಇನ್ನೊಂದು ಸಲ ಮೆಲ್ಲಗೆ ಹೇಳಿದರು.

ಸೂಜಿ ಹಾಕುವುದನ್ನು ಕಲಿಸಿದ್ದು ಒಬ್ಬ ವಯಸ್ಸಾದ ನರ್ಸಮ್ಮ. ಮನೆಯಲ್ಲಿ ಫ್ರಿಜ್ ಇಲ್ಲ ಎಂದಾಗ, ಮಣ್ಣಿನ ಮಡಕೆಗೆ ನೀರು ಹಾಕಿ, ಅದರೊಳಗೆ ಚಿಕ್ಕ ಪಾತ್ರೆಯಲ್ಲಿ ಔಷಧದ ಸೀಸೆ ಇಡಲು ಹೇಳಿಕೊಟ್ಟರು. ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆಯೊಳಗೆ ತಿನ್ನಲೇಬೇಕು ಎಂದರು. ಕೊನೆಗೆ ನನ್ನನ್ನು ಹಿಡಿದು ನಿಲ್ಲಿಸಿದರು.

"ನೀನಾ ಅಕ್ಕ? ಕೇಳು. ಬೆವರೋದು, ನಡುಗೋದು, ಮಾತು ತೊದಲೋದು, ಕುಡಿದೋರಂಗೆ ಆಡೋದು. ಇದ್ರಾಗೆ ಯಾವ್ದು ಕಂಡ್ರೂ ಸಕ್ಕರೆ ಕೆಳಗಿಳಿದೈತೆ ಅಂತ ಅರ್ಥ. ಮೊದ್ಲು ಬಾಯಿಗೆ ಸಕ್ಕರೆ, ಆಮೇಲೆ ಮಾತು. ಎಲ್ಲಿ, ಒಪ್ಪಿಸು."

ನಾನು ಶಾಲೆ ಹುಡುಗಿಯ ಹಾಗೆ ಒಪ್ಪಿಸಿದೆ. ಬೆವರು, ನಡುಕ, ತೊದಲು, ಕುಡಿದವರ ಹಾಗೆ. "ಪಾಸು ನೀನು," ಎಂದು ಬೆನ್ನು ತಟ್ಟಿದರು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಹಸಿದ ಹೊಟ್ಟೆಯಲ್ಲಿ ಒಂದು ಸಲ ರಕ್ತ ತೆಗೆಯುತ್ತಾರೆ, ತಿಂಡಿ ತಿಂದು ಎರಡು ಗಂಟೆಯಾದ ಮೇಲೆ ಇನ್ನೊಂದು ಸಲ. ಮೊದಲ ಸಲ ಕೊಟ್ಟು ಬಂದವರೆಲ್ಲ ಉದ್ದನೆಯ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಾರೆ. ಒಬ್ಬರದು ಇಡ್ಲಿ, ಒಬ್ಬರದು ರಾಗಿ ರೊಟ್ಟಿ, ಒಬ್ಬರದು ಬರೀ ಬನ್ನು. "ನಿಮ್ದೇನ್ರಿ ಚಟ್ನಿ? ಇತ್ಲಾಗೆ ಒಂಚೂರು ತಳ್ಳಿ," ಎನ್ನುವ ಅಜ್ಜ ಒಬ್ಬರಿದ್ದರು. ಡಾಕ್ಟರು ಬೇಡ ಎಂದದ್ದನ್ನೆಲ್ಲ ಅವರು ಅದೇ ಬೆಂಚಿನಲ್ಲಿ ಕೂತು ತಿನ್ನುತ್ತಿದ್ದರು. ಪುಷ್ಪ ಅಲ್ಲಿ ಎಲ್ಲರ ಜೊತೆ ನಗುತ್ತಿದ್ದಳು. ನಾನು ಕೈಗಡಿಯಾರ ನೋಡುತ್ತಿದ್ದೆ, ಬಡಿಸಲು ಶಾಲೆಗೆ ಓಡಬೇಕಿತ್ತು.

ಪ್ರಾರ್ಥನಾ ಮನೆಯಲ್ಲಿ ಯಾರೂ ಔಷಧ ಬಿಡು ಎನ್ನಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ತಪ್ಪನ್ನು ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಆಸೆ ನನಗೂ ಇತ್ತು. ಪಾಸ್ಟರ್ ಅಯ್ಯನವರೇ, "ಶುಕ್ರವಾರದ ಉಪವಾಸ ನಿನಗೆ ಬೇಡಮ್ಮ, ತಿಂದುಕೊಂಡು ಬಾ," ಎಂದಿದ್ದರು. ಆದರೆ ಹೆಂಗಸರ ಮರುಕವನ್ನು ತಡೆಯಲಾಗುತ್ತಿರಲಿಲ್ಲ. "ಪಾಪ, ಪುಷ್ಪಂಗೆ ಅಭಿಷೇಕನೂ ಇಲ್ಲ, ಆರೋಗ್ಯನೂ ಇಲ್ಲ. ಒಳಗೆ ಏನೋ ಅಡ್ಡಿ ಐತೆ," ಎನ್ನುತ್ತಿದ್ದರು. ಅಮ್ಮನಿಗೆ ಅದು ಮುಳ್ಳು. "ಚಿಕ್ಕವಳೂ ಮುಂದಿನ ಚಾಪೆಗೆ ಬಂದ್ರೆ ನಾನು ಕಣ್ಮುಚ್ಕೊಂತೀನಿ," ಎನ್ನುತ್ತಿದ್ದರು. ನನಗೂ ಅವಳ ಮೇಲೆ ಒಳಗೊಳಗೇ ಬೇಸರವಿತ್ತು. ನಾವಿಬ್ಬರೂ ಮಾಡಿದ್ದನ್ನು ಇವಳೊಬ್ಬಳು ಮಾಡಲಾರಳೇ ಎಂದು.

ವರ್ಷಕ್ಕೊಮ್ಮೆ ನಮ್ಮಲ್ಲಿ ಕಾದಿರುವ ಕೂಟ ಎಂದು ನಡೆಯುತ್ತಿತ್ತು. ಅಭಿಷೇಕ ಆಗದವರು ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದು ಕಾಯುವ ದಿನ. ಆ ಬೆಳಿಗ್ಗೆ ಪುಷ್ಪ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು.

"ಅಕ್ಕಾ, ಇವತ್ತೊಂದಿನ ತಿನ್ನದಂಗೆ ಇದ್ರೆ ಏನಾದ್ರೂ ಆಯ್ತದಾ?"

ಅವಳಿಗೂ ಉತ್ತರ ಗೊತ್ತಿತ್ತು. ಬೇಡ ಕಣೇ ಎಂದು ನಾನು ಹೇಳಲಿ ಎಂದೇ ಕೇಳಿದ್ದಳು. ನಾನು ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಾ, "ಒಂದಿನ ತಾನೇ. ಸಕ್ಕರೆ ನನ್ನ ಬ್ಯಾಗ್ನಾಗಿರ್ತದೆ, ಬಾ," ಎಂದೆ.

ಹನ್ನೊಂದು ಗಂಟೆಯ ಹೊತ್ತಿಗೆ ಹಾಡು ಜೋರಾಗಿತ್ತು. ಶೀಟಿನ ಮಾಡು, ಒಳಗೆಲ್ಲ ಬಿಸಿ. ಹಿಂದಿನ ಚಾಪೆಯಲ್ಲಿ ಪುಷ್ಪ ಎದ್ದು ನಿಂತಳು. ತೂಗಾಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಬಾಯಿಂದ ಮಾತು ಬರುತ್ತಿತ್ತು, ಆದರೆ ಅದು ಕನ್ನಡವೂ ಅಲ್ಲ, ತಮಿಳೂ ಅಲ್ಲ, ತೆಲುಗೂ ಅಲ್ಲ. ನಡುವೆ ನಗುತ್ತಿದ್ದಳು.

"ಸ್ತೋತ್ರ! ಪುಷ್ಪಂಗೆ ಇಳೀತಾ ಐತೆ! ಬಂತು, ಬಂತು!" ಎಂದು ಯಾರೋ ಕೂಗಿದರು.

ನಾಲ್ಕು ಜನ ಅವಳನ್ನು ಹಿಡಿದು ಮುಂದಿನ ಚಾಪೆಗೆ ತಂದು ನಿಲ್ಲಿಸಿದರು. ಅಮ್ಮ ಎರಡೂ ಕೈ ಮೇಲೆತ್ತಿ ಅಳುತ್ತಿದ್ದರು. ಅಪ್ಪ ಹೋದಾಗಿನಿಂದ ಅಮ್ಮನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಪುಷ್ಪಳ ಕತ್ತಿನ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಹತ್ತಿರ ಹೋಗಿ ಕೈ ಮುಟ್ಟಿದೆ. ಅಷ್ಟು ಸೆಕೆಯಲ್ಲೂ ಕೈ ತಣ್ಣಗೆ, ಒದ್ದೆ. ಬೆವರು, ನಡುಕ, ತೊದಲು, ಕುಡಿದವರ ಹಾಗೆ. ನಾಲ್ಕೂ.

ನನ್ನ ಜಾಗಕ್ಕೆ ಹಿಂದಿರುಗಿ ಬ್ಯಾಗ್ ತೆಗೆದುಕೊಂಡೆ. ಜಿಪ್ಪನ್ನು ಅರ್ಧ ಎಳೆದೆ. ಪಕ್ಕದಲ್ಲಿದ್ದ ಹೆಂಗಸು, "ಏನ್ ಸರೋಜಕ್ಕಾ, ಸುಮ್ಕಿರು. ದೇವ್ರ ಕೆಲ್ಸ ನಡೀವಾಗ ಕೈ ಆಕ್ಬ್ಯಾಡ," ಎಂದಳು. ಪಾಪ, ಅವಳಿಗೇನು ಗೊತ್ತು. ನನಗೆ ಗೊತ್ತಿತ್ತು. ನಾನು ಅಮ್ಮನ ಮುಖ ನೋಡಿದೆ. ಈಗ ಹೋಗಿ ಇವಳ ಬಾಯಿಗೆ ಸಕ್ಕರೆ ಸುರಿದರೆ, ಅಭಿಷೇಕವೂ ಅಲ್ಲ ಏನೂ ಅಲ್ಲ, ಬರೀ ರೋಗ ಎಂದು ಎಲ್ಲರ ಮುಂದೆ ಸಾರಿದ ಹಾಗೆ. ಒಂದೇ ನಿಮಿಷ ನೋಡೋಣ ಎಂದುಕೊಂಡೆ. ಜಿಪ್ ಮತ್ತೆ ಮುಚ್ಚಿದೆ. ಚಪ್ಪಾಳೆ ತಟ್ಟಿದೆ.

ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಅವಳು ಬಿದ್ದಳು.

ಬಿದ್ದ ಮೇಲೆ ಸಕ್ಕರೆ ತೆಗೆದೆ. ಹಲ್ಲು ಕಚ್ಚಿಕೊಂಡಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು. ಸಕ್ಕರೆಯೆಲ್ಲ ಕೆನ್ನೆಯ ಮೇಲೆ, ಚಾಪೆಯ ಮೇಲೆ ಚೆಲ್ಲಿತು. ಅಯ್ಯನವರೇ ಅವಳನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು, ಚಪ್ಪಲಿಯನ್ನೂ ಹಾಕದೆ ಆಟೋಗೆ ಓಡಿದರು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಡಾಕ್ಟರು ಹೊರಗೆ ಬಂದು ನನ್ನನ್ನು ಕೇಳಿದರು. "ಬೆವರು, ನಡುಕ ಏನೂ ಕಾಣಲಿಲ್ವಾ? ಇಷ್ಟು ಕೆಳಗೆ ಹೋಗೋವರೆಗೆ ಯಾರೂ ನೋಡಲಿಲ್ವಾ?"

"ಇಲ್ಲ ಸಾರ್. ಗೊತ್ತಾಗ್ಲಿಲ್ಲ," ಎಂದೆ.

ಪುಷ್ಪ ಸಂಜೆಗೆ ಸರಿಯಾಗಿ ಕಣ್ಣುಬಿಟ್ಟಳು. "ಏನಾಯ್ತಕ್ಕಾ?" ಎಂದಳು. ಅವಳಿಗೆ ಏನೂ ನೆನಪಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವಳ ಹಣೆಗೆ ಮುತ್ತಿಟ್ಟು, "ಅಭಿಷೇಕ ಆಯ್ತು ಕಂದಾ. ದೇವ್ರು ನಿನ್ನ ನೋಡ್ದ," ಎಂದರು. ಪುಷ್ಪ ನನ್ನ ಕಡೆ ತಿರುಗಿದಳು, ನಿಜವಾ ಎನ್ನುವ ಹಾಗೆ. ನಾನು ತಲೆಯಾಡಿಸಿದೆ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಒಂಬತ್ತು ವರ್ಷದ ಅಳು ಅದು.

ಬೀಳುವುದಕ್ಕೆ ಕಾಯಿಲೆ ಕಾರಣ, ಅದಕ್ಕೆ ಮುಂಚಿನದೆಲ್ಲ ಅಭಿಷೇಕ ಎಂದು ಎಲ್ಲರೂ ತೀರ್ಮಾನ ಮಾಡಿಕೊಂಡರು. ಪುಷ್ಪ ಮುಂದಿನ ಚಾಪೆಗೆ ಬಂದಳು. ಅಮ್ಮ ಮಾರನೇ ವರ್ಷ ಹೇಳಿದಂತೆಯೇ ನೆಮ್ಮದಿಯಾಗಿ ಕಣ್ಣುಮುಚ್ಚಿದರು. ಆಮೇಲಾದರೂ ಹೇಳಬಹುದಿತ್ತು. ಅಮ್ಮ ನಂಬಿ ಹೋದದ್ದನ್ನು ಹೇಗೆ ಕೀಳುವುದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಆದರೆ ಒಂದು ಸಲ ಬಂದದ್ದು ಮತ್ತೆ ಬರಬೇಕಲ್ಲ. "ಯಾಕಮ್ಮಾ ಪುಷ್ಪಾ, ಈಗ ಬತ್ತಾ ಇಲ್ಲ?" ಎಂದು ಕೇಳುವವರು ಹುಟ್ಟಿಕೊಂಡರು. ತನ್ನಲ್ಲೇ ಏನೋ ತಪ್ಪಿದೆ ಎಂದುಕೊಂಡ ಪುಷ್ಪ ಗುಟ್ಟಾಗಿ ಊಟ ಬಿಡತೊಡಗಿದಳು. ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು, ಸ್ಟೇಷನ್ನಿನಲ್ಲಿ ನಾಯಿಗೆ ಹಾಕುತ್ತಿದ್ದಳು. ನನಗೆ ಇದು ಗೊತ್ತಾದದ್ದು ಬಂಗಾರಪೇಟೆ ಸ್ಟೇಷನ್ನಿಂದ ಫೋನ್ ಬಂದಾಗ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ತೂಗಾಡುತ್ತಾ ತೊದಲುತ್ತಿದ್ದವಳನ್ನು ಅಲ್ಲಿ ಕಡಲೆಕಾಯಿ ಮಾರುವ ಹೆಂಗಸು ನೋಡಿದ್ದಾಳೆ. ಪಕ್ಕದ ಅಂಗಡಿಯಿಂದ ಟೀ ಕಿತ್ತುಕೊಂಡು ಬಂದು, ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸಿದ್ದಾಳೆ. ನಾನು ಹೋಗುವ ಹೊತ್ತಿಗೆ ಪುಷ್ಪ ಎದ್ದು ಕೂತಿದ್ದಳು.

"ನಮ್ಮ ಯಜಮಾನ್ರಿಗೂ ಇದೇ ಕಾಯಿಲೆ ಕಣಮ್ಮಾ. ನೋಡಿದ್ರೆ ಗೊತ್ತಾಗಕಿಲ್ವಾ?" ಎಂದಳು ಆ ಹೆಂಗಸು. "ನೀನ್ಯಾರು, ಅಕ್ಕನಾ? ಅಕ್ಕ ಅಂದ್ಮೇಲೆ ಕೈಯಾಗೆ ಒಂಚೂರು ಬೆಲ್ಲನಾದ್ರೂ ಕೊಟ್ಟು ಕಳಿಸ್ಬಾರ್ದಾ?"

ಹೂಂ ಎಂದೆ. ಹಿಂದಿರುಗುವ ಟ್ರೇನಿನಲ್ಲಿ ಪುಷ್ಪ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಆ ದಿನವೂ ನಾನು ಹೇಳಲಿಲ್ಲ.

ಅಲ್ಲಿಂದ ಅವಳು ಊಟ ಬಿಡುವುದನ್ನು ನಿಲ್ಲಿಸಿದಳು. ಅವಳಾಗಿಯೇ ಹಿಂದಿನ ಚಾಪೆಗೂ ಹೋದಳು. ಆದರೆ ತಿನ್ನುವುದು ಅವಳಿಗೆ ಪಾಪವಾಯಿತು. ಶುಕ್ರವಾರಗಳಂದು ಗೋಡೆಗೆ ಮುಖ ಮಾಡಿ, ಕದ್ದು ತಿನ್ನುವವಳ ಹಾಗೆ ತಿನ್ನುತ್ತಿದ್ದಳು. ಬರಬರುತ್ತಾ ಎಲ್ಲಾ ದಿನವೂ ಹಾಗೇ. ಮೊದಲ ತುತ್ತಿಗೆ ಮುಂಚೆ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ರಕ್ತ ಪರೀಕ್ಷೆಗೆ ಅವಳ ಜೊತೆ ಹೋಗಿದ್ದೆ. ಶಾಲೆಗೆ ರಜೆ, ಓಡುವ ಅವಸರವಿರಲಿಲ್ಲ. ಮೊದಲ ರಕ್ತ ಕೊಟ್ಟು ಬಂದು ಎಲ್ಲರೂ ಬೆಂಚಿನಲ್ಲಿ ಡಬ್ಬಿ ಬಿಚ್ಚಿದರು. ಚಟ್ನಿ ಕೇಳುವ ಅಜ್ಜ ಇರಲಿಲ್ಲ. ಪುಷ್ಪ ಸೂಜಿ ಚುಚ್ಚಿಕೊಂಡು, ಉಪ್ಪಿಟ್ಟಿನ ಡಬ್ಬಿ ತೆಗೆದು, ಅಲ್ಲಿಯೂ ಗೋಡೆಯ ಕಡೆ ತಿರುಗಿದಳು. ಆಗ ಅವಳು ಗೊಣಗುವುದು ನನಗೆ ಸರಿಯಾಗಿ ಕೇಳಿಸಿತು.

"ಕ್ಷಮಿಸು ಸ್ವಾಮಿ, ತಿಂತಾ ಇವ್ನಿ. ನಿನ್ನ ಕಾಯೋ ಶಕ್ತಿ ನಂಗಿಲ್ಲ. ಕ್ಷಮಿಸು."

ಒಂದೊಂದು ತುತ್ತಿಗೂ ಹಾಗೆ ಅನ್ನುತ್ತಿದ್ದಳು. ನಾನು ನೂರಾರು ಮಕ್ಕಳಿಗೆ ಬಡಿಸಿದವಳು. ಅನ್ನಕ್ಕೆ ಹೀಗೆ ಹೆದರಿದ ಮುಖವನ್ನು ಎಲ್ಲೂ ಕಂಡಿರಲಿಲ್ಲ.

"ಪುಷ್ಪಾ, ಈ ಕಡೆ ತಿರುಗು," ಎಂದೆ.

"ಇರಕ್ಕಾ, ತಿಂದ್ಬುಡ್ತೀನಿ."

"ಅವತ್ತು ನಿಂಗೆ ಬಂದಿದ್ದು ಅಭಿಷೇಕ ಅಲ್ಲ ಕಣೇ. ಸಕ್ಕರೆ ಕೆಳಗಿಳಿದಿತ್ತು. ಸೂಜಿ ಆಕ್ಕೊಂಡು ತಿಂದಿರಲಿಲ್ಲ ನೀನು. ಸ್ಟೇಷನ್ನಾಗೆ ಆಯ್ತಲ್ಲ, ಅದೇ ಇದು."

ಅವಳ ಕೈ ಡಬ್ಬಿಯಲ್ಲೇ ನಿಂತಿತು. ಎದುರಿನ ಬಾಗಿಲಿನಿಂದ ಯಾರದೋ ಹೆಸರು ಕೂಗಿದರು. "ಅಂಗಾದ್ರೆ ನಾನು ಮಾತಾಡಿದ್ದು?" ಎಂದಳು.

"ತೊದಲು."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವಾಗ್ಲೇ. ನಿನ್ನ ಕೈ ಮುಟ್ಟಿದಾಗ."

ಅವಳು ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ. ಅವಳು ಉಪ್ಪಿಟ್ಟನ್ನೇ ನೋಡುತ್ತಾ, ನಿಧಾನವಾಗಿ, "ಅಂಗಾದ್ರೆ ನಾನು ಏನನ್ನೂ ಕಳ್ಕೊಂಡಿಲ್ಲ," ಎಂದಳು. "ತಿರುಗಿ ತರ್ಬೇಕಾದ್ದೂ ಏನಿಲ್ಲ."

ಅವಳ ಭುಜ ಇಳಿಯಿತು. ಎಷ್ಟು ವರ್ಷದಿಂದ ಅದನ್ನು ಎತ್ತಿ ಹಿಡಿದಿದ್ದಳೆಂದು ಇಳಿದಾಗಲೇ ಕಂಡದ್ದು. ಗೋಡೆಯ ಕಡೆಯಿಂದ ಪೂರ್ತಿ ತಿರುಗಿ ಕೂತು, ಒಂದು ತುತ್ತು ತಿಂದಳು. ತುಟಿ ಗೊಣಗಲಿಲ್ಲ. ಆಮೇಲಿನ ದಿನಗಳಲ್ಲೂ ಹಾಗೇ ಆಯಿತು. ಕೆಲವು ತಿಂಗಳು ನಾವಿಬ್ಬರೂ ಎಲ್ಲಿಗೂ ಹೋಗದೆ ಭಾನುವಾರ ಬೆಳಿಗ್ಗೆ ಮಲಗಿದ್ದೆವು. ದೇವರೇನೂ ಮುನಿಯಲಿಲ್ಲ. ಈಗ ಮನಸ್ಸಾದಾಗ ಹೋಗುತ್ತೇವೆ. ನಾನೂ ಅವಳ ಪಕ್ಕ, ಚಪ್ಪಲಿಗಳ ಹತ್ತಿರದ ಚಾಪೆಯಲ್ಲೇ ಕೂರುತ್ತೇನೆ. ಹೊತ್ತಾದರೆ ಅವಳು ಅಲ್ಲೇ ಡಬ್ಬಿ ತೆಗೆಯುತ್ತಾಳೆ. ನನಗೆ ಹಾಡು ಬಂದರೆ ಹಾಡುತ್ತೇನೆ, ಬರದಿದ್ದರೆ ಸುಮ್ಮನಿರುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಬೆಂಚಿನ ಮೇಲೆ ಪುಷ್ಪ ಅರ್ಧ ಡಬ್ಬಿ ತಿಂದು, ನೀರು ಕುಡಿದು, ನನ್ನನ್ನೇ ನೋಡಿದಳು.

"ಅಷ್ಟೇನಾ?"

"ಏನು?"

"ನಡೆದಿದ್ದು ಹೇಳ್ದೆ. ನಂಗೆ ಹೇಳೋದು ಇನ್ನೇನೂ ಇಲ್ವಾ?"

ಕಣ್ಣು ಮುಚ್ಚಿಕೊಂಡೆ. ಅಭ್ಯಾಸದ ದನಿ ತಾನಾಗಿ ಬಂತು. "ದೇವ್ರು ನನ್ನ ಕ್ಷಮಿಸ್ಲಿ, ಸ್ವಾಮಿ, ಈ ಪಾಪೀನ..."

"ಅಕ್ಕಾ," ಎಂದು ಅವಳು ನನ್ನ ಮೊಣಕೈ ಹಿಡಿದು ಅಲುಗಾಡಿಸಿದಳು. "ಅವ್ನತ್ರ ಆಮೇಲೆ ಮಾತಾಡ್ಕೊ. ಬಿದ್ದೋಳು ನಾನು. ಕಣ್ ಬಿಟ್ಟು ನನ್ನ ಕೇಳು."

ನಾನು ಕಣ್ಣು ಬಿಟ್ಟೆ. ಇಷ್ಟು ವರ್ಷ ದೇವರ ಮುಂದೆ ಗಟ್ಟಿಯಾಗಿ ಅತ್ತವಳಿಗೆ ತಂಗಿಯ ಮುಂದೆ ದನಿಯೇ ಬರಲಿಲ್ಲ. ಪಕ್ಕದವರು ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ.

"ಪುಷ್ಪಾ, ಸಕ್ಕರೆ ನನ್ನ ಬ್ಯಾಗ್ನಾಗಿತ್ತು. ಗೊತ್ತಿದ್ದೂ ಕೊಡ್ಲಿಲ್ಲ. ನಾಲ್ಕು ಜನರ ಮುಂದೆ ನಾವು ದೊಡ್ಡೋರಾಗಿ ಕಾಣ್ಲಿ ಅಂತ ನಿನ್ನ ಬೀಳಕ್ಕೆ ಬಿಟ್ಟೆ. ಆಮೇಲೂ ಬಾಯಿ ಬಿಡ್ಲಿಲ್ಲ. ತಪ್ಪು ನಂದು. ನನ್ನ ಕ್ಷಮಿಸಮ್ಮಾ."